ಹಿಂದಿನ ಗೋಡೆಗೊಂದು ಬಾಗಿಲು

ನಿಮ್ಮ ಮನೆಯ ಗೋಡೆ ಒಡೆದು ಹೊಸ ಬಾಗಿಲು ಇಡಬೇಕು ಅಂತಿದ್ದರೆ ಯಾರಿಗೂ ಹೇಳಬೇಡಿ. ಒಡೆದುಬಿಡಿ. ಬೆಳಿಗ್ಗೆ ಶುರು ಮಾಡಿದರೆ ಸಂಜೆಗೆ ಚೌಕಟ್ಟು ನಿಂತಿರಬೇಕು. ಇದು ನನ್ನ ಸಲಹೆ. ಗೋಡೆ ಒಡೆಯುವುದೇ ನನ್ನ ಹೊಟ್ಟೆಪಾಡು, ಅದಕ್ಕೇ ಹೇಳುತ್ತಿದ್ದೇನೆ. ವಿದ್ಯಾರಣ್ಯಪುರದಲ್ಲಿ, ಆರ್.ಟಿ. ನಗರದಲ್ಲಿ ಹಳೇ ಮನೆ ಇರುವವರು ಅಡುಗೆಮನೆ ದೊಡ್ಡದು ಮಾಡುತ್ತಾರೆ, ಬಾಲ್ಕನಿಯನ್ನು ರೂಮು ಮಾಡುತ್ತಾರೆ, ಕಾರು ನಿಲ್ಲಿಸುವ ಜಾಗವನ್ನು ಅಂಗಡಿ ಮಾಡಿ ಬಾಡಿಗೆಗೆ ಕೊಡುತ್ತಾರೆ. ಅವರ ಗೋಡೆ ಒಡೆಯುವವರು ನಾವು. ಒಡೆದ ಇಟ್ಟಿಗೆ, ಗಾರೆ, ಟೈಲ್ಸನ್ನು ಬಾಂಡ್ಲಿಗೆ ತುಂಬಿ, ತಲೆ ಮೇಲೆ ಹೊತ್ತು, ಮಹಡಿ ಇಳಿದು ಟ್ರ್ಯಾಕ್ಟರಿಗೆ ಸುರಿಯುವವಳು ನಾನು. ಇಷ್ಟು ವರ್ಷದಲ್ಲಿ ಒಬ್ಬ ಇಂಜಿನಿಯರು ಬಂದು, ಯಾರನ್ನು ಕೇಳಿ ಒಡೀತಿದ್ದೀರಿ ಅಂದದ್ದನ್ನು ನಾನು ಕಂಡಿಲ್ಲ.

ನನ್ನ ಹೆಸರು ಕಲಾವತಿ. ಯಲಹಂಕದಿಂದ ಬಾಗಲೂರಿನ ಕಡೆ ಹೋಗುವಾಗ ಒಳಕ್ಕೆ ತಿರುಗಿದರೆ ನಮ್ಮೂರು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ, ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ ಅಂತ ಹತ್ತು ಜನ ಎದ್ದು ಬರುತ್ತಾರೆ. ಗಂಡ ಅಂತ ಒಬ್ಬನಿದ್ದ, ಅವನ ಸುದ್ದಿ ಈ ಕಥೆಗೆ ಬೇಡ. ಮನೆಯಲ್ಲಿರುವುದು ನಾನು, ಅಪ್ಪ ಮುನಿಗಂಗಪ್ಪ, ಅಮ್ಮ ಮುನಿನಾರಾಯಣಮ್ಮ.

ನಮ್ಮ ಕಾಲೋನಿ ಊರಿಗೆ ಬೆನ್ನು ಹಾಕಿ ಕೂತಿದೆ. ಅಪ್ಪ ಹುಡುಗನಾಗಿದ್ದಾಗ ಸರ್ಕಾರದವರು ಕಟ್ಟಿಸಿಕೊಟ್ಟ ಒಂದು ಸಾಲು ಮನೆ. ಕಟ್ಟುವಾಗ ಊರಿನ ಜಮೀನುದಾರ ಪಿಳ್ಳಪ್ಪನವರ ತಂದೆ ಬಂದು ನಿಂತು, ಊರಿನ ಬೀದಿ ಕಡೆಗೆ ಬಾಗಿಲೂ ಬೇಡ, ಕಿಟಕಿಯೂ ಬೇಡ ಅಂದರಂತೆ. ಬೆಳಿಗ್ಗೆ ಎದ್ದು ತಮ್ಮ ಮನೆ ಬಾಗಿಲು ತೆಗೆದರೆ ಹೊಲಗೇರಿಯ ಮುಖ ಕಾಣಬಾರದು. ಮೇಸ್ತ್ರಿ ಹಾಗೇ ಕಟ್ಟಿದ. ಸಾಲು ಪೂರ್ತಿ ಒಂದೇ ಗೋಡೆ, ಒಂದು ತೂತೂ ಇಲ್ಲ. ಪಿಳ್ಳಪ್ಪನವರ ಮನೆ ಗೋಡೆಯ ಆಚೆ, ಬೀದಿಯ ಎದುರು ಬದಿಗಿದೆ. ನಮ್ಮಮ್ಮ ಕೂಗಿದರೆ ಅವರ ಜಗುಲಿಗೆ ಕೇಳಿಸುತ್ತದೆ. ಆದರೆ ಅಲ್ಲಿಗೆ ಹೋಗಬೇಕಾದರೆ ಸಾಲು ದಾಟಿ, ಕೆರೆ ಏರಿ ಹತ್ತಿ, ಊರು ಸುತ್ತಿ ಬರಬೇಕು. ಅವರ ಕೊಟ್ಟಿಗೆ ಗುಡಿಸುವುದಕ್ಕೆ ಅಮ್ಮ ಮೈಯಲ್ಲಿ ಶಕ್ತಿಯಿದ್ದಷ್ಟು ಕಾಲ ಹಾಗೇ ಸುತ್ತಿದಳು.

ಆಮೇಲೆ ನಮ್ಮ ಬಾಗಿಲ ಮುಂದಿದ್ದ ಹೊಲದಲ್ಲಿ ಪಿಳ್ಳಪ್ಪನವರ ಮಗ ನಿರಂಜನ್ ಅಪಾರ್ಟ್‌ಮೆಂಟ್ ಎಬ್ಬಿಸಿದ. ಅದರ ಕಾಂಪೌಂಡು ನಮ್ಮ ಮೂಗಿನ ಮುಂದೆ ಎದ್ದಿತು. ಉಳಿದದ್ದು ಒಬ್ಬರು ಕಷ್ಟಪಟ್ಟು ನಡೆಯುವಷ್ಟು ಓಣಿ. ಅತ್ತ ಊರಿನ ಬೀದಿಯನ್ನು ಪಾಲಿಕೆಯವರು ಅಗಲ ಮಾಡಿ, ಡಾಂಬರು ಹಾಕಿ, ನಮ್ಮ ಹಿಂದಿನ ಗೋಡೆಯ ಬುಡಕ್ಕೇ ತಂದು ನಿಲ್ಲಿಸಿದರು. ಆಟೋ, ಆಂಬುಲೆನ್ಸು, ಸ್ಕೂಲ್ ಬಸ್ಸು ಎಲ್ಲ ನಮ್ಮ ಗೋಡೆ ಉಜ್ಜಿಕೊಂಡೇ ಓಡಾಡುತ್ತವೆ. ನಾವು ಒಳಗೆ ಕೂತು ಸದ್ದು ಕೇಳುತ್ತೇವೆ.

ಅಮ್ಮನಿಗೆ ಸಕ್ಕರೆ ಕಾಯಿಲೆ. ಒಂದು ಕಾಲನ್ನು ಮೊಣಕಾಲಿನ ಕೆಳಗೆ ತೆಗೆದಾಗಿತ್ತು. ಇನ್ನೊಂದರ ಪಾದದಲ್ಲೂ ಹುಣ್ಣು ಎದ್ದಿತು. ದಿನ ಬಿಟ್ಟು ದಿನ ಕರ್ಕೊಂಡು ಬಂದು ಡ್ರೆಸ್ಸಿಂಗ್ ಮಾಡಿಸು, ಇಲ್ಲಾಂದ್ರೆ ಇದೂ ಹೋಗುತ್ತೆ ಅಂದರು ಡಾಕ್ಟರು. ಯಾರೋ ಪುಣ್ಯಾತ್ಮರು ಕೊಟ್ಟ ಗಾಲಿಕುರ್ಚಿ ಇತ್ತು, ಓಣಿಯಲ್ಲಿ ಅದು ಹಿಡಿಸುವುದಿಲ್ಲ. ಅಮ್ಮನನ್ನು ಸಿಮೆಂಟ್ ಮೂಟೆಯ ಹಾಗೆ ಬೆನ್ನ ಮೇಲೆ ಹಾಕಿಕೊಂಡು ಹೋಗುತ್ತಿದ್ದೆ. ಒಂದು ದಿನ ತಿರುವಿನಲ್ಲಿ ಕಾಲು ಜಾರಿತು. ಅಮ್ಮನ ಮೊಂಡುಗಾಲು ಕಾಂಪೌಂಡಿನ ಒರಟು ಗಾರೆಗೆ ಉಜ್ಜಿ, ಹೊಲಿಗೆ ಬಿಚ್ಚಿ, ನನ್ನ ಸೊಂಟದ ಮೇಲೆ ರಕ್ತ ಇಳಿಯಿತು. ಅಮ್ಮ ಅಳಲಿಲ್ಲ. ನಾನು ಅತ್ತೆ. ಹಿಂದಿನ ಗೋಡೆ ಒಡೆಯುತ್ತೇನೆ ಅಂತ ಅವತ್ತೇ ಹೇಳಿದೆ.

"ಒಡಿಯಮ್ಮ. ಬ್ಯಾಡ ಅನ್ನಲ್ಲ," ಅಂದ ಅಪ್ಪ. "ಆದ್ರೆ ಪಿಳ್ಳಪ್ನೋರ್ಗೆ ಒಂದ್ ಮಾತು ಏಳಿ ಮಾಡ್ಬೇಕು."

"ನಮ್ ಗೋಡೆ. ಅವ್ರಿಗ್ಯಾಕೆ ಹೇಳ್ಬೇಕು?"

"ಕೇಳಕ್ಕಲ್ಲ ಕಣೆ ಓಗೋದು. ಏಳಕ್ಕೆ."

ನಮ್ಮ ಕಾಲೋನಿಯಲ್ಲಿ ಹಾಗೆ. ಮದುವೆಯ ಚಪ್ಪರ ಹಾಕಲಿ, ಹೆಂಚು ತೆಗೆದು ಶೀಟು ಹೊದಿಸಲಿ, ಮೊದಲು ಎಲೆ ಅಡಿಕೆ ಬಾಳೆಹಣ್ಣು ತಟ್ಟೆಯಲ್ಲಿಟ್ಟುಕೊಂಡು ಅವರ ಜಗುಲಿಗೆ ಹೋಗಿ ಹೇಳಿ ಬರಬೇಕು. ನಮ್ಮ ಮನೆಯ ಕೆಲಸ ಅವರ ಬಾಯಿಂದ ಶುರುವಾಗಬೇಕು. ನಾನು ಬೇಡ ಬೇಡ ಅಂದರೂ ಅಪ್ಪ ತಟ್ಟೆ ಹಿಡಿದು ಹೊರಟ. ಒಬ್ಬನನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ. ನಾವು ಮಾಡಿದ ತಪ್ಪು ಅದು, ಅದೊಂದೇ.

ಪಿಳ್ಳಪ್ಪನವರು ಜಗುಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ನಿರಂಜನ್ ಫೋನು ನೋಡುತ್ತಿದ್ದ. ಅಪ್ಪ ಮೆಟ್ಟಿಲ ಕೆಳಗೆ ನಿಂತು ತಟ್ಟೆಯನ್ನು ಮೇಲಿನ ಮೆಟ್ಟಿಲ ಮೇಲಿಟ್ಟ. ಕೈಯಿಂದ ಕೈಗೆ ಕೊಡುವ ಹಾಗಿಲ್ಲ.

"ಏನ್ಲಾ ಮುನಿಗಂಗ, ಏನ್ ಸಮಾಚಾರ?"

"ಇಂದ್ಗಡೆ ಗೋಡೆಗೆ ಒಂದ್ ಬಾಗ್ಲು ಮಡಿಕಂತೀವಿ ಬುದ್ಧಿ. ಇವ್ಳಮ್ಮನ್ ಕಾಲಿನ್ ಸಮಾಚಾರ ತಮ್ಗೂ ಗೊತ್ತಲ್ಲ."

"ಇಂದ್ಗಡೆ ಅಂದ್ರೆ ನಮ್ ಮನೆ ಎದ್ರುಗೆ."

"ರೋಡ್ಗೆ ಬುದ್ಧಿ."

"ರೋಡಿನಾಚೆ ಯಾರವ್ರೆ?"

ನಾನು ಬಾಯಿಬಿಟ್ಟೆ. "ರೋಡು ಸರ್ಕಾರದ್ದಲ್ವಾ?"

ಪಿಳ್ಳಪ್ಪ ನನ್ನ ಕಡೆ ನೋಡಲಿಲ್ಲ. ನೋಡಿದವನು ನಿರಂಜನ್. ಅವನ ಮಾತಿನಲ್ಲಿ ಅವನಪ್ಪನ ಕಾಲದ ಒರಟಿಲ್ಲ, ಸೋಪು ಹಾಕಿ ತೊಳೆದ ಮಾತು. "ಯಾರೂ ಬೇಡ ಅಂತಿಲ್ಲ ಕಲಾ. ಲೀಗಲ್ಲಾಗಿ ಮಾಡಿ ಅಷ್ಟೇ. ಪ್ಲಾನ್ ಮಾಡ್ಸಿ, ಅಪ್ರೂವಲ್ ತಗೊಳ್ಳಿ. ಮೊದಲಿನ ಥರ ಅಲ್ಲ ಈಗ, ಎಲ್ಲದಕ್ಕೂ ರೂಲ್ಸ್ ಇದೆ."

ನಾವಿನ್ನೂ ಸುತ್ತಿಗೆ ಮುಟ್ಟಿರಲಿಲ್ಲ. ಆ ವಾರವೇ ಪಾಲಿಕೆಯಿಂದ ಒಬ್ಬ ಬಂದು ಗೋಡೆ ಮುಟ್ಟಬೇಡಿ ಅಂದು ಹೋದ. ಕೂಲಿ ಬಿಟ್ಟು ಕಚೇರಿಗೆ ಹೋದೆ. ಇಂಜಿನಿಯರು ಕೆಟ್ಟವನ ಹಾಗೆ ಕಾಣಲಿಲ್ಲ, ಕೂತ್ಕೊಳಮ್ಮ ಅಂದ.

"ನಿಮ್ಮನೆ ಸೆಟ್‌ಬ್ಯಾಕ್ ಬಿಟ್ಟಿಲ್ಲಮ್ಮ. ಗೋಡೆಗೂ ರೋಡಿಗೂ ಮಧ್ಯೆ ಜಾಗ ಇರ್ಬೇಕು. ಹಳೇದು ಹಂಗೇ ಇದ್ರೆ ನಾವು ಕೇಳಲ್ಲ. ಬಾಗಿಲು ಇಡ್ತೀನಿ ಅಂದ್ರೆ ಹೊಸ ಪ್ಲಾನ್ ಆಗ್ಬೇಕು. ಹೊಸ ಪ್ಲಾನ್ ಅಂದ್ರೆ ಗೋಡೆ ಒಳಕ್ಕೆ ಹೋಗ್ಬೇಕು."

"ಇರೋದೇ ಒಂದು ರೂಮು ಸಾರ್. ಗೋಡೆ ಒಳಕ್ಕೆ ಹೋದ್ರೆ ನಾವೆಲ್ಲಿಗೆ ಹೋಗೋದು? ರೋಡ್ ಅಗಲ ಮಾಡಿ ಗೋಡೆ ಹತ್ರ ತಂದಿದ್ದು ನೀವೇ ಅಲ್ವಾ?"

"ಅದು ಬೇರೆ ವಿಷ್ಯ."

"ನಿರಂಜನ್ ಅಪಾರ್ಟ್‌ಮೆಂಟಲ್ಲಿ ಕಾಂಪೌಂಡಿಗೂ ನಮ್ ಬಾಗ್ಲಿಗೂ ಗಜ ಜಾಗ ಇಲ್ಲ. ಅವ್ರ್ ಮನೆ ಜಗುಲಿ ಮೋರಿ ಮೇಲೆ ಬಂದಿದೆ. ಅದಕ್ಕೆ?"

"ಅದರ ಮೇಲೆ ಕಂಪ್ಲೇಂಟ್ ಬಂದಿಲ್ಲಮ್ಮ."

"ನಾನು ಕೊಡ್ತೀನಿ. ಈಗ್ಲೇ ತಗೊಳ್ಳಿ."

ಅವನು ಪೆನ್ನು ಕೆಳಗಿಟ್ಟ. "ನೀವು ಆ ಊರಲ್ಲಿ ಬಾಳ್ಬೇಕಾ ಬೇಡ್ವಾ?"

ಪಿಳ್ಳಪ್ಪನವರ ತಂದೆ ಹೇಳಿದ್ದೂ ಇದೇ ಮಾತು. ಅವರು ಕೋಲು ಹಿಡಿದು ಹೇಳಿದ್ದರು, ಇವನು ಕಾನೂನು ಹಿಡಿದು ಹೇಳಿದ. ನಾನು ಎದ್ದು ಬಂದೆ. ಬಸ್ಸಿನಲ್ಲಿ ಕೂತಾಗ ಮೈಯೆಲ್ಲ ಉರಿಯುತ್ತಿತ್ತು.

ಭಾನುವಾರ ಬೆಳಿಗ್ಗೆ ಅನ್ವರಣ್ಣ ಬಂದರು. ನಾನು ಕೆಲಸ ಮಾಡುವ ತಂಡದ ಮೇಸ್ತ್ರಿ ಅವರು. ವಿದ್ಯಾರಣ್ಯಪುರದಲ್ಲಿ ನಾವು ಕೆಡವಿದ ಮನೆಯೊಂದರ ಹಳೇ ತೇಗದ ಚೌಕಟ್ಟನ್ನು ಓನರು ಸೌದೆಗೆ ಹಾಕಿ ಅಂದಿದ್ದರು. ಅದನ್ನು ಗಾಡಿಯಲ್ಲಿ ಹೇರಿಕೊಂಡು ಬಂದಿದ್ದರು. "ಬಾಗ್ಲು ಇಡೋಕೆ ಪರ್ಮಿಷನ್ ಅಂತೆ," ಅಂತ ನಕ್ಕರು. "ಈ ಕೈಯಲ್ಲಿ ಎಷ್ಟ್ ಬಾಗ್ಲು ಇಟ್ಟಿದ್ದೀನಿ ಗೊತ್ತಾ ತಂಗಿ? ಹೊಡಿ."

ಹೊಡೆದೆ. ಒಳಗಿನಿಂದ, ಮೇಲಿನಿಂದ. ಮೊದಲು ಸುಣ್ಣ ಉದುರಿತು, ಆಮೇಲೆ ಮಣ್ಣುಗಾರೆ, ಆಮೇಲೆ ಇಟ್ಟಿಗೆ. ಸಮ್ಮಟಿಗೆಯ ಒಂದೊಂದು ಏಟಿಗೂ ಹೆಗಲು ಕಿತ್ತು ಬರುತ್ತಿತ್ತು. ಬೇರೆಯವರ ಗೋಡೆ ಒಡೆಯುವಾಗ ಇಷ್ಟು ಸಿಟ್ಟಿನಿಂದ ನಾನು ಯಾವತ್ತೂ ಹೊಡೆದಿಲ್ಲ. ಒಂದು ಇಟ್ಟಿಗೆ ಆಚೆಗೆ ಬಿತ್ತು, ಬೆಳಕು ಒಳಗೆ ಬಂತು. ಆ ಮನೆಯಲ್ಲಿ ಆ ಕಡೆಯಿಂದ ಬಿಸಿಲು ಬಿದ್ದದ್ದು ಅವತ್ತೇ ಮೊದಲು. ಅಮ್ಮ ಗಾಲಿಕುರ್ಚಿಯಲ್ಲಿ ಕೂತು ನೆಲದ ಮೇಲಿನ ಬಿಸಿಲನ್ನೇ ನೋಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಮೇಲೆ ಚಪ್ಪಡಿ ಕಲ್ಲು ಕೂತಿತು, ಚೌಕಟ್ಟು ನಿಂತಿತು. ಅಪ್ಪ ಹೊಸ್ತಿಲಿಗೆ ಅರಿಶಿನ ಹಚ್ಚಿ ಕುಂಕುಮ ಇಟ್ಟ.

ಆಗ ಅವರು ಬಂದರು. ನಿರಂಜನ್ ಕಾರು, ಹಿಂದೆ ಒಂದು ಟೆಂಪೋ. ಟೆಂಪೋದಲ್ಲಿ ಗಟ್ಟಿ ಸಿಮೆಂಟ್ ಬ್ಲಾಕು, ಮರಳು, ಸಿಮೆಂಟು, ಐದಾರು ಗಂಡಸರು. ಕೊರಳಿಗೆ ಐಡಿ ಹಾಕಿದ ಪಾಲಿಕೆಯವನೊಬ್ಬ ಕಾರಿನ ಪಕ್ಕ ನಿಂತು ವಿಡಿಯೋ ಮಾಡತೊಡಗಿದ. ಟೆಂಪೋದವರು ಇಳಿದವರೇ ಚೌಕಟ್ಟಿನ ಸಂದಿಗೆ ಹಾರೆ ತೂರಿಸಿದರು.

ಅಡ್ಡ ಹೋದ ಅನ್ವರಣ್ಣನಿಗೆ ಸೆಂಟ್ರಿಂಗ್ ಹಲಗೆಯಿಂದ ಕುತ್ತಿಗೆಗೆ ಬಿತ್ತು. "ಯಾವೂರೋನೋ ನೀನು, ನಮ್ಮೂರಿಗೆ ಬಂದು ಬಾಗ್ಲು ಇಡ್ತೀಯಾ?" ಅಂತ ಒಬ್ಬ ಒದ್ದ. ಬಿದ್ದವರ ತಲೆಗೆ ಇನ್ನೊಬ್ಬ ಒದ್ದ. ನಾನು ನುಗ್ಗಿದೆ. ಯಾರೋ ಹಿಂದಿನಿಂದ ಜಡೆ ಹಿಡಿದು ಎಳೆದು ರಸ್ತೆಗೆ ಬಿಸಾಕಿದರು. ಮೊಣಕೈ ಡಾಂಬರಿಗೆ ಉಜ್ಜಿ ಚರ್ಮ ಎದ್ದಿತು.

ಅಪ್ಪ ಚೌಕಟ್ಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದ. "ಬುದ್ಧಿ, ಏಳಿ ಮಾಡಿದೀನಿ ಬುದ್ಧಿ. ತಮ್ಗೆ ಏಳಿ ಮಾಡಿದೀನಿ," ಅಂತ ಎದುರು ಜಗುಲಿ ಕಡೆಗೆ ಕೂಗುತ್ತಿದ್ದ. ಅಲ್ಲಿ ಪಿಳ್ಳಪ್ಪ ಕಾಫಿ ಕುಡಿಯುತ್ತಿದ್ದರು. ಹಾರೆ ಅಪ್ಪನ ಬಲಗೈ ಮೇಲೆ ಬಿತ್ತು. ಒಣ ಕಡ್ಡಿ ಮುರಿದ ಸದ್ದು. ಅಪ್ಪ ಚೌಕಟ್ಟಿನ ಜೊತೆಗೇ ಕೆಳಗೆ ಬಿದ್ದ. ಮುಂಗೈ ಬೇರೆ ಕಡೆಗೆ ತಿರುಗಿತ್ತು.

"ಆಸ್ಪತ್ರೆಗೆ ಬಿಡಿ," ಅಂದೆ. "ಆಟೋ ಕರಿತೀನಿ, ಬಿಡಿ."

ನಿರಂಜನ್ ಹತ್ತಿರ ಬಂದ. ಈಗಲೂ ದನಿ ಎತ್ತಲಿಲ್ಲ. "ಹೋಗುವಂತೆ. ಮೊದಲು ಗೋಡೆ ಆಗ್ಲಿ. ಆಮೇಲೆ ನನ್ ಕಾರಲ್ಲೇ ಕಳಿಸ್ತೀನಿ." ತನ್ನವರ ಕಡೆ ತಿರುಗಿದ. "ಗಾರೆ ಕಲಸೋಕೆ ಇವಳೇ ಇದಾಳಲ್ಲ. ಕೆಲಸ ಗೊತ್ತಿರೋಳು."

ನಾನು ಕಲಸಿದೆ. ಅಪ್ಪ ರಸ್ತೆಯಲ್ಲಿ ಬಿದ್ದು ನರಳುತ್ತಿದ್ದ, ಅನ್ವರಣ್ಣನ ಕಿವಿಯಿಂದ ರಕ್ತ ಬರುತ್ತಿತ್ತು, ನಾನು ನಮ್ಮ ಬಾಗಿಲು ಮುಚ್ಚಲು ಗಾರೆ ಕಲಸಿದೆ. ಮರಳು ಸುರಿದೆ, ಸಿಮೆಂಟು ಸುರಿದೆ, ನೀರು ಬಿಟ್ಟೆ. ಕಿತ್ತ ಚರ್ಮಕ್ಕೆ ಸಿಮೆಂಟು ಹತ್ತಿ ಬೆಂಕಿ ಇಟ್ಟ ಹಾಗೆ ಉರಿಯಿತು. ಬಾಂಡ್ಲಿ ತುಂಬಿ ಅವರ ಮೇಸ್ತ್ರಿಯ ಕೈಗೆ ಕೊಟ್ಟೆ. ಬ್ಲಾಕು ಎತ್ತಿ ಕೊಟ್ಟೆ. ನಮ್ಮ ಕಾಲೋನಿಯವರು ಚಾವಣಿಯ ಶೀಟಿನ ಮೇಲೆ ಹತ್ತಿ ನೋಡುತ್ತಿದ್ದರು. ಒಬ್ಬರೂ ಇಳಿಯಲಿಲ್ಲ. ಅವರ ಮೇಲೂ ನನಗೆ ಸಿಟ್ಟಿದೆ, ಸುಳ್ಳು ಹೇಳುವುದಿಲ್ಲ.

"ಬೇಗ ಬೇಗ," ಅಂದ ಒಬ್ಬ. ಇನ್ನೊಬ್ಬ ನನ್ನ ಸೆರಗು ಜಾರಿದ್ದನ್ನು ನೋಡಿ ಏನೋ ಅಂದ, ಎಲ್ಲರೂ ನಕ್ಕರು. ಸೆರಗು ಸರಿಮಾಡಿಕೊಳ್ಳೋಣವೆಂದರೆ ಕೈಯಲ್ಲಿ ಬ್ಲಾಕಿತ್ತು.

ಗೋಡೆ ಅಮ್ಮನ ಮಡಿಲು ಮುಚ್ಚಿತು, ಎದೆ ಮುಚ್ಚಿತು. ಅಮ್ಮ ಒಳಗೆ ಕುರ್ಚಿಯಲ್ಲಿ ಹಾಗೇ ಕೂತಿದ್ದಳು. ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಮುಖ ಮಾತ್ರ ಕಾಣುತ್ತಿತ್ತು, ಅದರ ಮೇಲೆ ಬಿಸಿಲಿತ್ತು. ಇನ್ನೊಂದು ವರಸೆ ಬ್ಲಾಕು ಇಟ್ಟರೆ ಆ ಬಿಸಿಲು ಹೋಗುತ್ತದೆ. ಬ್ಲಾಕು ನನ್ನ ಕೈಯಲ್ಲಿತ್ತು.

"ಕೊಡು," ಅಂದ ನಿರಂಜನ್. ಪಕ್ಕದಲ್ಲೇ ನಿಂತಿದ್ದ.

"ಕೊಡಲ್ಲ."

"ಏನು?"

"ಕೊಡಲ್ಲ ಅಂದೆ."

ಬ್ಲಾಕು ಅವನ ಕಾಲ ಮೇಲೆ ಬಿತ್ತು. ಕೈಜಾರಿ ಬಿತ್ತು ಅಂತ ಪೊಲೀಸರಿಗೆ ಹೇಳಿದ್ದೇನೆ. ನಿಮಗೆ ನಿಜ ಹೇಳುತ್ತೇನೆ. ಎತ್ತಿ ಹಾಕಿದೆ. ಎದೆ ಎತ್ತರಕ್ಕೆ ಎತ್ತಿ, ಅವನ ಬಿಳಿ ಬೂಟು ನೋಡಿಕೊಂಡು ಹಾಕಿದೆ. ಅವನು ಕೂಗಿದ ಕೂಗು ಕೇಳಿ ನನಗೆ ಹೊಟ್ಟೆ ತಣ್ಣಗಾಯಿತು.

ಎಲ್ಲರೂ ನನ್ನ ಮೇಲೆ ಬಿದ್ದರು. ಒಬ್ಬ ಮುಖಕ್ಕೆ ಗುದ್ದಿದ, ಹಲ್ಲು ಅಲ್ಲಾಡಿತು. ಕೆಳಗೆ ಬಿದ್ದಾಗ ಅವರದೇ ಹಾರೆ ಕೈಗೆ ಸಿಕ್ಕಿತು. ಬಿದ್ದಲ್ಲಿಂದಲೇ ಬೀಸಿದೆ. ಯಾರದೋ ಮೊಣಕಾಲಿಗೆ ತಾಗಿತು, ಅವನು ಮಡಿಸಿ ಬಿದ್ದ. ಎದ್ದು ಇನ್ನೊಮ್ಮೆ ಬೀಸಿದೆ. ಅವರು ಹಿಂದಕ್ಕೆ ಸರಿದರು. ನಾನು ಹಾರೆಯನ್ನು ಗೋಡೆಯ ಮೇಲಿನ ವರಸೆಗೆ ಕೊಕ್ಕೆಯ ಹಾಗೆ ಸಿಕ್ಕಿಸಿ ನನ್ನ ಕಡೆಗೆ ಎಳೆದೆ. ಗಾರೆ ಇನ್ನೂ ಹಸಿ. ನಾನೇ ಕಲಸಿದ್ದು, ನೀರು ಜಾಸ್ತಿಯಾಗಿತ್ತು.

"ಕಲಾ," ಅಂದಳು ಅಮ್ಮ ಒಳಗಿನಿಂದ. "ಆ ಕಡೀಕ್ ಸರ್ಕ."

ನಾನು ಸರಿದೆ. ಅಮ್ಮ ಕುರ್ಚಿಯ ಚಕ್ರ ಎರಡೂ ಕೈಯಲ್ಲಿ ಬಿಗಿಹಿಡಿದು, ಉಳಿದಿದ್ದ ಒಂದೇ ಕಾಲಿನಿಂದ ಗೋಡೆಗೆ ಒದ್ದಳು. ಹುಣ್ಣಿದ್ದ ಕಾಲು. ಡಾಕ್ಟರು ನೆಲಕ್ಕೂ ಊರಬೇಡ ಅಂದಿದ್ದ ಕಾಲು. ಮೊದಲ ಒದೆತಕ್ಕೆ ಗೋಡೆ ಉಬ್ಬಿತು. ಎರಡನೆಯದಕ್ಕೆ ಬ್ಲಾಕುಗಳು ಒಟ್ಟಿಗೆ ರಸ್ತೆಗೆ ಮಗುಚಿಬಿದ್ದವು. ಧೂಳು ಇಳಿದ ಮೇಲೆ ನೋಡಿದರೆ ಅಮ್ಮ ಹೊಸ್ತಿಲ ಜಾಗದಲ್ಲಿ ಕಾಲು ಚಾಚಿ ಕೂತಿದ್ದಳು. ಬ್ಯಾಂಡೇಜು ಪೂರ್ತಿ ಕೆಂಪಾಗಿತ್ತು.

"ನಿರಂಜ," ಅಂದಳು. "ನಿಮ್ಮನೆ ಕೊಟ್ಗೆ ಗುಡ್ಸಕ್ಕೆ ಈ ಗೋಡೆ ಸುತ್ತಾಕ್ಕಂಡು ಬಂದಿವ್ನಿ. ಎದ್ರುಗಿದ್ ಮನೆಗೆ ಊರೆಲ್ಲಾ ಸುತ್ತಾಕ್ಕಂಡು ಬಂದಿವ್ನಿ. ಅಂಗೆ ಸುತ್ತಿದ್ ಕಾಲು ಒಂದು ಓಯ್ತು. ಇನ್ನೊಂದ್ ಇದು. ಬಾ, ಇದ್ರ್ ಮೇಲೆ ಕಟ್ಟು."

ಯಾರೂ ಬರಲಿಲ್ಲ. ನಿರಂಜನ್‌ನನ್ನು ಇಬ್ಬರು ಹೊತ್ತು ಕಾರಿಗೆ ಹಾಕಿದರು. ಪಾಲಿಕೆಯವನು ವಿಡಿಯೋ ನಿಲ್ಲಿಸಿ ಅದೇ ಕಾರಿಗೆ ಹತ್ತಿದ. ಆಗ ಕಾಲೋನಿಯವರು ಶೀಟಿನಿಂದ ಇಳಿದರು. ಮೊದಲು ಇಳಿದವಳು ಪಕ್ಕದ ಮನೆಯ ಮುನಿಕೃಷ್ಣಮ್ಮ. ಅವಳು ನನ್ನ ಮುಖ ನೋಡದೆ, ಅಪ್ಪನ ತಲೆ ಎತ್ತಿ ತನ್ನ ತೊಡೆ ಮೇಲಿಟ್ಟುಕೊಂಡಳು.

ಆಟೋ ಬಂದು ಒಡೆದ ಗೋಡೆಯ ಮುಂದೆಯೇ ನಿಂತಿತು. ಅಮ್ಮನನ್ನು ನಾನು ಬೆನ್ನ ಮೇಲೆ ಹೊರಲಿಲ್ಲ. ಕುರ್ಚಿ ತಳ್ಳಿಕೊಂಡು ಹೋದೆ, ಅಷ್ಟೇ.

ಈಗ ನನ್ನ ಮೇಲೆ ಕೇಸಿದೆ. ಹಲ್ಲೆ ಮಾಡಿದೆ, ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸಿದೆ ಅಂತ. ಅಪ್ಪನ ಕೈ ಮುರಿದವರ ಮೇಲೆ ದೂರು ಕೊಡಲು ಹೋದರೆ, ಯಾರು ಹೊಡೆದದ್ದು ಅಂತ ವಿಡಿಯೋದಲ್ಲಿ ಕಾಣುತ್ತಿಲ್ಲ ಅಂದರು. ಜಾಮೀನಾಯಿತು. ಕೋರ್ಟಿಗೆ ಅಲೆಯುತ್ತಿದ್ದೇನೆ. ಅನ್ವರಣ್ಣ ತಲೆಗೆ ಕಟ್ಟು ಕಟ್ಟಿಕೊಂಡೇ ಬಂದು ಚೌಕಟ್ಟು ಮತ್ತೆ ನಿಲ್ಲಿಸಿದರು. ಕದ ಇನ್ನೂ ಇಲ್ಲ, ಅಮ್ಮನ ಹಳೇ ಸೀರೆ ಇಳಿಬಿಟ್ಟಿದ್ದೇವೆ. ಮುಚ್ಚಿ ಅಂತ ಪಾಲಿಕೆಯವರು ಬಂದು ಹೇಳಿ ಹೋಗುತ್ತಾರೆ. ಅಮ್ಮ ಅಲ್ಲೇ ಕೂತಿರುತ್ತಾಳೆ, ಏಳುವುದಿಲ್ಲ. ಡಾಕ್ಟರು ಬೈದರು, ಹೊಸದಾಗಿ ಹೊಲಿದರು. ದಿನ ಬಿಟ್ಟು ದಿನ ಹೋಗಿ ಬರುತ್ತೇವೆ. ಕಾಲು ಉಳಿದಿದೆ.

ಪಿಳ್ಳಪ್ಪನವರು ಎದುರಿಗಿದ್ದ ತಮ್ಮ ತಲೆಬಾಗಿಲನ್ನು ಮುಚ್ಚಿಸಿದರು. ಜಗುಲಿ ಕಡೆಗೆ ಗೋಡೆ ಎಬ್ಬಿಸಿ, ಪಕ್ಕದ ಬೀದಿಗೆ ಹೊಸ ಬಾಗಿಲು ಇಟ್ಟುಕೊಂಡರು. ಈಗ ಬೆನ್ನು ತೋರಿಸಿ ಕೂತಿರುವುದು ಅವರ ಮನೆ. ಆ ಬಾಗಿಲಿಗೆ ಪ್ಲಾನ್ ಮಾಡಿಸಿದರಾ, ಸೆಟ್‌ಬ್ಯಾಕ್ ಬಿಟ್ಟರಾ ಅಂತ ಯಾವ ಇಂಜಿನಿಯರೂ ಬಂದು ಕೇಳಲಿಲ್ಲ.

ಮೊನ್ನೆ ಮುನಿಕೃಷ್ಣಮ್ಮ ಬಂದಳು. ಹೊಸ ಬಾಗಿಲಿಂದಲೇ ಬಂದಳು. ಬಂದವಳು ಕೂರಲಿಲ್ಲ.

"ನಿನ್ ಸಮ್ಟಿಗೆ ಕೊಡ್ತೀಯೇನೆ ಕಲಾ?" ಅಂದಳು. ಆಮೇಲೆ ಮೂಲೆಯಲ್ಲಿ ಕೂತಿದ್ದ ಅಪ್ಪನ ಕಡೆ ತಿರುಗಿದಳು. ದೊಡ್ಡವನು, ಕಾಲೋನಿಯಲ್ಲಿ ಪದ್ಧತಿ ಗೊತ್ತಿರುವವನು ಅವನೇ. "ನಾನೂ ಇಂದ್ಗಡೆ ಗೋಡೆ ತೆಗೀಬೇಕು ಅಂತಿದ್ದೀನಿ. ಪಿಳ್ಳಪ್ನೋರ್ಗೆ ಒಂದ್ ಮಾತು ಏಳಿ ಬರ್ಲಾ ಮಾವ?"

ಅಪ್ಪ ಪಟ್ಟಿ ಕಟ್ಟಿದ ಬಲಗೈಯನ್ನು ಎದೆಗೆ ಒತ್ತಿಕೊಂಡು ಎದ್ದ. ಮೂಲೆಯಲ್ಲಿದ್ದ ಸಮ್ಮಟಿಗೆಯ ಹಿಡಿ ಹಿಡಿದು ನೆಲದ ಮೇಲೆ ದರದರ ಎಳೆದುಕೊಂಡು ಬಂದ. ಎಡಗೈಯಲ್ಲಿ ಏನನ್ನೂ ಕೊಡಬಾರದು ಅಂತ ನಾನು ಚಿಕ್ಕವಳಿದ್ದಾಗ ನನಗೆ ಹೊಡೆದು ಕಲಿಸಿದವನು ಅವನು. ಅದನ್ನು ಎಡಗೈಯಲ್ಲೇ ಎತ್ತಿ ಅವಳ ಕೈಗೆ ಕೊಟ್ಟ.

"ಮ್ಯಾಲಿಂದ ಒಡ್ಕಂಡ್ ಬಾ," ಅಂದ. "ಯಾರ್ಗೂ ಏಳ್ಬ್ಯಾಡ."